ಬಿರ್‌ನಲ್ಲಿ ಸಿಕ್ಕಿಬಿದ್ದ ಡಿವಿಡೆಂಡ್: ರಾಜಕೀಯ ಅಪಾಯ ವಿಮೆ, ಗ್ರೂಪ್‌ನ ಪ್ರಶ್ನೋತ್ತರ

ಪೈಪ್ ಫ್ಯಾಕ್ಟರಿ: ಮೇಡಂ, ನಮಸ್ಕಾರ. ಇಥಿಯೋಪಿಯಾದಲ್ಲಿ ನಮ್ಮ ಪೈಪ್ ಕಾರ್ಖಾನೆ ಇದೆ. 2024ರ ಫೆಬ್ರವರಿಯಲ್ಲಿ 1 ಕೋಟಿ ಬಿರ್ (ಅಲ್ಲಿನ ಕರೆನ್ಸಿ) ಡಿವಿಡೆಂಡನ್ನ, ಅಂದ್ರೆ ಲಾಭದ ಪಾಲನ್ನ, ಡಾಲರ್ ಮಾಡಿಕೊಡಿ ಅಂದ್ರೆ ಬ್ಯಾಂಕಿನವರು ಡಾಲರ್ ಇಲ್ಲ ಅಂದ್ರು. ಜುಲೈ 29ಕ್ಕೆ ಸರ್ಕಾರ ಬಿರ್ ದರವನ್ನ ಮಾರುಕಟ್ಟೆಗೆ ಬಿಟ್ಟಿತು. ಕರೆನ್ಸಿ ವರ್ಗಾವಣೆ ಕವರ್ (ಹಣವನ್ನ ಡಾಲರ್ ಮಾಡಿ ಹೊರಗೆ ಕಳಿಸೋಕೆ ಆಗದಿದ್ದರೆ ಪರಿಹಾರ) ಇರೋ ರಾಜಕೀಯ ಅಪಾಯ ಪಾಲಿಸಿ ಇದೆ. ಕ್ಲೇಮ್ ಆಗುತ್ತಾ?

ಅಂಡರ್‌ರೈಟರ್ (ವಿಮೆಯ ಅಪಾಯ ಅಳೆಯುವವರು): ಇಲ್ಲಿ ಎರಡು ನಷ್ಟ ಬೆರೆತುಹೋಗಿವೆ. ಬಿರ್ ಬೆಲೆ ಕುಸಿದ ನಷ್ಟ ಈ ಕವರ್‌ಗೆ ಬರಲ್ಲ. ಡಾಲರ್ ಸಿಗದೇ ಹೋದ ನಷ್ಟ ಬರುತ್ತೆ, ಆದರೆ ಕಾಯುವ ಅವಧಿ ಕಳೆದ ಮೇಲೆ. ಎಷ್ಟೋ ಪಾಲಿಸಿಗಳಲ್ಲಿ ಅದು 90ರಿಂದ 180 ದಿನ. ಈಗ ಪರಿಹಾರವನ್ನ ಯಾವ ದಿನದ ದರದಲ್ಲಿ ಲೆಕ್ಕ ಹಾಕ್ತಾರೆ ಅನ್ನೋ ಷರತ್ತು ಹುಡುಕಿ. ಅವಧಿ ಶುರುವಾದ ದಿನದ್ದಾದರೆ ಡಾಲರ್‌ಗೆ ಸುಮಾರು 56 ಬಿರ್, ಅಂದ್ರೆ 1.78 ಲಕ್ಷ ಡಾಲರ್. ಮುಗಿದ ದಿನದ್ದಾಗಿ, 180 ದಿನದ ಪಾಲಿಸಿಯಾದರೆ, ಆಗಸ್ಟ್ ಬಂದುಬಿಡುತ್ತೆ. ದರ ಬಿಟ್ಟ ಮೊದಲ ದಿನದ 74ರ ಲೆಕ್ಕಕ್ಕೇ ಅದು 1.35 ಲಕ್ಷಕ್ಕೆ ಇಳಿಯುತ್ತೆ. ಒಂದು ಸಾಲಿನ ಷರತ್ತಿಗೆ 43 ಸಾವಿರ ಡಾಲರ್ ವ್ಯತ್ಯಾಸ.

ಕಾಗದಗಳು: ಡಿವಿಡೆಂಡ್ ಘೋಷಿಸಿದ ಬೋರ್ಡ್ ನಿರ್ಣಯ, ಆಡಿಟ್ ಆದ ಲೆಕ್ಕ, ತೆರಿಗೆ ಕಟ್ಟಿದ ಪತ್ರ, ಬಂಡವಾಳ ತಂದಾಗ ಅಲ್ಲಿ ನೋಂದಾಯಿಸಿದ ಪತ್ರ, ಬ್ಯಾಂಕಿನ ಸೀಲ್ ಇರೋ ಅರ್ಜಿಯ ಪ್ರತಿ. ಕೊನೆಯದು ಇದೆಯಾ?

ಸಿಎ, ದಾವಣಗೆರೆ: ನಡೀತಿರೋ ಕಾರ್ಖಾನೆಗೆ ಮಿಗಾ (ವಿಶ್ವಬ್ಯಾಂಕ್ ಗುಂಪಿನ ಹೂಡಿಕೆ ವಿಮಾ ಸಂಸ್ಥೆ) ಗ್ಯಾರಂಟಿ ಸಿಗುತ್ತಾ?

ಅಂಡರ್‌ರೈಟರ್: ಹಳೇ ಹಣಕ್ಕೆ ಕಷ್ಟ. ವಿಸ್ತರಣೆಗೆ ಹಾಕೋ ಹೊಸ ಈಕ್ವಿಟಿಗೆ (ಷೇರು ಬಂಡವಾಳ) 90% ವರೆಗೆ ಕೇಳಬಹುದು. ಹಣ ಕಳಿಸೋಕೆ ಮುಂಚೆ ಅರ್ಜಿ ಹಾಕಿ.

ರಫ್ತುದಾರ: ಫಾರ್ವರ್ಡ್ ಬಂದಿದೆ: "ಪಾಲಿಸಿ ಪ್ರತಿಯನ್ನ ಅಲ್ಲಿನ ಸಚಿವಾಲಯಕ್ಕೆ ತೋರಿಸಿ, ಹೆದರಿ ಡಾಲರ್ ಕೊಡ್ತಾರೆ. ಆಗದಿದ್ದರೆ ಹವಾಲಾ."

ಅಂಡರ್‌ರೈಟರ್: ಇಂಥದ್ದನ್ನ ಓದದೇ ಇಲ್ಲಿ ಹಾಕಬೇಡಿ. ಮಿಗಾ ಗ್ಯಾರಂಟಿ ಆ ದೇಶದ ಸರ್ಕಾರದ ಒಪ್ಪಿಗೆ ಮೇಲೇ ಸಿಗೋದು, ಅಲ್ಲಿ ಮುಚ್ಚಿಡೋದೇನಿಲ್ಲ. ಖಾಸಗಿ ಪಾಲಿಸಿಯಲ್ಲಿ ಗೋಪ್ಯತೆ ಷರತ್ತಿರುತ್ತೆ. ತೋರಿಸಿದ್ರೆ ಕವರ್ ಹೋಗಬಹುದು. ಹವಾಲಾ ಮುಟ್ಟಿದ್ರೆ ಕಾನೂನು ಮುರಿದ ಹಾಗೆ, ಕ್ಲೇಮ್ ಅಲ್ಲಿಗೇ ಸತ್ತಿತು.

ಹೊಸ ಸದಸ್ಯ: ಬಿರ್ ಬಿದ್ದಿದ್ದಕ್ಕೆ ಕವರ್ ಇದೆಯಾ ಮೇಡಂ?

ಅಂಡರ್‌ರೈಟರ್: ಇಲ್ಲ. ಮೇಲೆ ಓದಿ.

ಎಂ.ಎ. ಅರ್ಥಶಾಸ್ತ್ರ: ಈ ವಿಮೆಯೆಲ್ಲ ಕೊನೆಗೆ ಬಡ ದೇಶದ ತಲೆ ಮೇಲೇ ಬರೋದು. ಇಂಡೋನೇಷ್ಯಾ ವಿದ್ಯುತ್ ಯೋಜನೆ ನಿಲ್ಲಿಸಿದ್ದಕ್ಕೆ ಮಿಗಾ 2000ದಲ್ಲಿ ಅಮೆರಿಕದ ಎನ್ರಾನ್ ಕಂಪನಿಗೆ 1.5 ಕೋಟಿ ಡಾಲರ್ ಕೊಟ್ಟು, ಆಮೇಲೆ ಆ ಸರ್ಕಾರದಿಂದಲೇ ವಸೂಲಿ ಮಾಡ್ತು.

ಹಳೇ ಬ್ಯಾಂಕರ್: ಒಪ್ಪಂದ ಮುರಿದವರು ಕಟ್ಟದೇ ಇನ್ಯಾರು ಕಟ್ಟಬೇಕು?

ಎಂ.ಎ. ಅರ್ಥಶಾಸ್ತ್ರ: 1997ರ ಬಿಕ್ಕಟ್ಟಲ್ಲಿ ರುಪಿಯಾ ನೆಲಕಚ್ಚಿತ್ತು, ಡಾಲರ್ ದರದ ಕರೆಂಟ್ ಕೊಳ್ಳೋಕೆ ಎಲ್ಲಿಂದ ತರ್ತಾರೆ? ಬ್ಯಾಂಕಲ್ಲಿ ಕೂತವರಿಗೆ ಅದು ಕಾಣಲ್ಲ.

ಹಳೇ ಬ್ಯಾಂಕರ್: ವೈಯಕ್ತಿಕಕ್ಕೆ ಇಳಿಯಬೇಡಿ.



ಅಂಡರ್‌ರೈಟರ್: ಜಗಳ ಬೇರೆ ಕಡೆ ಆಡಿ. ಪೈಪ್ ಫ್ಯಾಕ್ಟರಿಯವರೇ, ಸೀಲ್ ಇರೋ ಪ್ರತಿ?

ಪೈಪ್ ಫ್ಯಾಕ್ಟರಿ: ಇಲ್ಲ ಮೇಡಂ. ಮ್ಯಾನೇಜರ್ ಹತ್ರ ಬಾಯಲ್ಲೇ ಕೇಳಿದ್ದು.

ಅಂಡರ್‌ರೈಟರ್: ಹಾಗಾದ್ರೆ ನಿಮ್ಮ ಕಾಯುವ ಅವಧಿ ಇನ್ನೂ ಶುರುವೇ ಆಗಿಲ್ಲ, ಅದನ್ನ ಎಣಿಸೋದು ಲಿಖಿತ ಅರ್ಜಿ ಕೊಟ್ಟ ದಿನದಿಂದ. 56ರ ಆಸೆ ಬಿಡಿ. ಇವತ್ತೇ ಲಿಖಿತ ಅರ್ಜಿ ಕೊಟ್ಟು ದಿನಾಂಕದ ಸೀಲ್ ಹಾಕಿಸಿ, ಅದರ ಪ್ರತಿ ಜೊತೆ ವಿಮಾ ಕಂಪನಿಗೆ ನೋಟಿಸ್ ಕಳಿಸಿ.