ಗಾಡಿ ನಮ್ಮ ಮನಿ ಮುಂದ ಬಿಟ್ಟು ನಡಕೊಂತ ಹೋಗ್ರಿ

ಹಲೋ, ಹಲೋ... ಈಗ ಕೇಳಸಾಕತ್ತೈತೇನು? ಮೊದಲಿನ ಮೆಸೇಜು ಹೆಬ್ಬಟ್ಟು ಜಾರಿ ಅರ್ಧಕ್ಕ ಹೋತು. ಅದನ್ನ ಕೇಳಬ್ಯಾಡ್ರಿ, ಅದರಾಗ ಬರೇ ನಿಮ್ಮ ಕಾಕು ಕುಕ್ಕರ ಇಳಸೋ ಸಪ್ಪಳ ಐತಿ.

ತಂಗಿ, ನೀ ನಿನ್ನೆ ರಾತ್ರಿ ನಮ್ಮ ಮನಿ ಗ್ರೂಪಿನ್ಯಾಗ ಕೇಳಿದ್ದಿ ನೋಡು, ಬರೋ ಶನಿವಾರ ಗೆಳತ್ಯಾರನ್ನ ಕರಕೊಂಡು ಬರ್ತೀನಿ, ಒಂದ ದಿನದಾಗ ಹಳೇ ವಿಜಯಪುರ ನೋಡಬೇಕು, ಚೊಲೋ ಊಟ ಎಲ್ಲಿ, ವಿಂಟೇಜ್ ಸಾಮಾನು ಎಲ್ಲಿ ಅಂತ. ಅದರ ಕೆಳಗ ನಿಮ್ಮಪ್ಪ, ಅಂದ್ರ ನಮ್ಮಣ್ಣ, ಲಿಸ್ಟ್ ಹಾಕ್ಯಾನ: ಗೋಳಗುಮ್ಮಟ ಅರ್ಧ ತಾಸು, ಇಬ್ರಾಹಿಂ ರೋಜಾ ಇಪ್ಪತ್ತು ಮಿನಿಟು, ಬಾರಾ ಕಮಾನ್ ಹತ್ತು ಮಿನಿಟು, ಮಧ್ಯಾಹ್ನ ಎರಡಕ್ಕ ಆಲಮಟ್ಟಿ ಡ್ಯಾಮ್. ಅಣ್ಣಾ, ಸಿಟ್ಟಾಗಬ್ಯಾಡ, ಇದು ಕರೆಂಟ್ ಮೀಟರ್ ನೋಡಾಕ ಬಂದಾವ ಮನಿ ಮನಿ ಹೊಕ್ಕು ಹೊಂಟಂಗ ಆತು. ಆಲಮಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ. ಅದನ್ನ ಇನ್ನೊಮ್ಮೆ ನೋಡ್ಲಿ.

ನಾ ಹೇಳೂದು ಇಷ್ಟ. ಕಾರು ನಮ್ಮ ಮನಿ ಮುಂದ ಬಿಡ್ರಿ. ಮೂಡಣ ದಿಕ್ಕಿನ ಗುಮ್ಮಟದಿಂದ ಪಡುವಣದ ಇಬ್ರಾಹಿಂ ರೋಜಾತನಕ ನಡಕೊಂತ ಹೋಗ್ರಿ. ಸಂಜಿಕೆ ಟಾಂಗಾ ಹಿಡದು ಹೊಳ್ಳಿ ಬರ್ರಿ. ಹಳೇ ಊರು ಇರೂದ ಈ ಎರಡರ ನಡುವ. ಹತ್ತು ಕಿಲೋಮೀಟರಿನ ಕೋಟಿ ಗ್ವಾಡಿ ಐತಿ ಸುತ್ತ, ಅದರ ಒಳಗ ನೂರಾರು ವರ್ಷದ ಕಮಾನಿನ ಬುಡಕ್ಕ ಪಂಕ್ಚರ್ ಅಂಗಡಿ, ಗೋರಿ ಕಟ್ಟಿ ಮ್ಯಾಲ ಆಡು ಮಲಗಿರ್ತಾವು. ಕಾರಿನ್ಯಾಗ ಕುಂತು ಕಿಡಕ್ಯಾಗಿಂದ ನೋಡಿದ್ರ ಇದ್ಯಾವುದೂ ಕಣ್ಣಿಗೆ ಬೀಳಂಗಿಲ್ಲ.

ಗುಮ್ಮಟದ ಬಾಗಲಾ ತೆಗೆದ ಕೂಡಲೇ ಒಳಗ ಹೋಗ್ರಿ, ಇದೊಂದು ಮಾತು ಮಾತ್ರ ನಡಸಿಕೊಡು. ಈಗ ಸಾಲಿ ಟ್ರಿಪ್ಪಿನ ಕಾಲ. ಒಂದು ಬಸ್ಸಿನ ಹುಡುಗರು ಮ್ಯಾಲ ಹತ್ತಿದ್ರು ಅಂದ್ರ ಮುಗೀತು, ಕಿವ್ಯಾಗ ಬರೇ "ಹೋ" ಅನ್ನೂದ ತುಂಬತೈತಿ. ಮೂಲಿ ಮಿನಾರದೊಳಗಿನ ಮೆಟ್ಟಲಾ ಇಕ್ಕಟ್ಟ ಅದಾವು, ಏಳು ಅಂತಸ್ತು, ಮೊಳಕಾಲು ನೆನಪಿಗೆ ಬರ್ತಾವು. ಮ್ಯಾಲ ಹೋದ ಮ್ಯಾಲ ಒಬ್ಬಾಕಿ ಈ ಕಡಿ, ಒಬ್ಬಾಕಿ ಎದುರಿನ ಕಡಿ ನಿಲ್ರಿ. ನಡುವ ಮೂವತ್ತೆಂಟು ಮೀಟರ್ ಬಯಲು. ಗ್ವಾಡಿಗೆ ಬಾಯಿ ತಂದು ಪಿಸುಗುಟ್ರಿ, ಒದರಬ್ಯಾಡ್ರಿ. ಹಾಳಿ ಹರದ್ರ ಸೈತ ಆ ಕಡಿ ಕೇಳತೈತಿ. ನಿಮ್ಮಪ್ಪ ಸಣ್ಣಾವಿದ್ದಾಗ ಅಲ್ಲೇ ನಿಂತು, "ಅವ್ವ ಎಣ್ಣಿಗೆ ಕೊಟ್ಟ ಎಂಟಾಣೆ ನಾ ತಿಂದೀನಿ" ಅಂತ ನನಗ ಪಿಸುಗುಟ್ಟಿದ್ದ. ಆ ಕಡಿ ನಿಂತಾವ ನಾ ಅಲ್ಲ, ನಮ್ಮಪ್ಪ. ಅಣ್ಣಾ, ಇದನ್ನ ಗ್ರೂಪಿನ್ಯಾಗ ಹೇಳಬಾರದಿತ್ತೇನೋ, ಹೇಳಿಬಿಟ್ಟೆ.

ಕೆಳಗಿಳದ ಮ್ಯಾಲ ನಡುವ ನಿಂತು ಕತ್ತೆತ್ತಿ ನೋಡು. ಅಷ್ಟು ದೊಡ್ಡ ಗುಮ್ಮಟಕ್ಕ ನಡುವ ಒಂದೂ ಕಂಬ ಇಲ್ಲ. ಹೆಂಗ ನಿಂತೈತಿ ಅಂದ್ರ, ಅಂಗಳದಾಗ ಎರಡು ಚೌಕ ಒಂದರ ಮ್ಯಾಲೊಂದು ವಾರಿ ಮಾಡಿ ರಂಗೋಲಿ ಹಾಕ್ತಾರಲ್ಲ ನಿಮ್ಮ ಕಾಕು, ಎಂಟು ಮೂಲಿದು, ಹಂಗ ಎಂಟು ಕಮಾನು ಒಂದಕ್ಕೊಂದು ಹಾದು ಹೋಗಿ ಮ್ಯಾಲ ದುಂಡಗ ಕುಂಡ್ರಾಕ ಜಾಗಾ ಮಾಡ್ಯಾವು. ದಾಬೋಳದ ಯಾಕೂತ ಅನ್ನಾವ ಕಟ್ಟಿದ್ದಂತ. ಇದು ಈ ಊರು ಆಳಿದ ಸುಲ್ತಾನ ಮಹಮ್ಮದ ಆದಿಲಶಾಹಿ ಗೋರಿ, ಅವ 1656ರಾಗ ತೀರಿಕೊಂಡಾಗ ಇದರ ಕೆಲಸನೂ ಅಲ್ಲಿಗೆ ನಿಂತಿತು. ಖರೇ ಗೋರಿ ಕೆಳಗಿನ ನೆಲಮನ್ಯಾಗ ಅದಾವು, ಮ್ಯಾಲ ಕಾಣೂವು ಬರೇ ಗುರುತಿಗೆ.

ಅಷ್ಟೊತ್ತಿಗೆ ಹಸಿವಿ ಆಗಿರತೈತಿ. ಹೊರಗ ಬಂದು ದೊಡ್ಡ ಹೋಟೆಲ್ ಹುಡುಕಬ್ಯಾಡ್ರಿ. ಬೆಳಿಗ್ಗೆ ಈ ಊರು ಸುಸಲಾ ತಿಂತೈತಿ. ಚುರಮರಿ ನೀರಾಗ ಅದ್ದಿ, ಹಿಂಡಿ, ಉಳ್ಳಾಗಡ್ಡಿ ಒಗ್ಗರಣ್ಯಾಗ ಹಾಕಿ, ಮ್ಯಾಲ ಪುಠಾಣಿ ಹಿಟ್ಟು ಉದುರಸ್ತಾರ. ಬಾಜೂಕ ಒಂದು ಮಿರ್ಚಿ. ತಳ್ಳೋ ಗಾಡಿ ಮುಂದ ಯಾರು ನಿಂತಾರ ಅನ್ನೂದು ನೋಡು. ಹಮಾಲರು, ಆಟೋದವರು ನಿಂತಿದ್ರ ಕಣ್ಣು ಮುಚ್ಚಿ ನಿಲ್ಲು. ಬರೇ ಬ್ಯಾಗ್ ಹಾಕಿದ ಪ್ರವಾಸಿಗರ ಇದ್ರ ಮುಂದಕ್ಕ ನಡಿ.

ಅಲ್ಲಿಂದ ಜಾಮಿಯಾ ಮಸೀದಿ. ಒಂದನೇ ಅಲಿ ಆದಿಲಶಾಹಿ ಶುರು ಮಾಡಿದ್ದು, ಅಂದ್ರ ತಾಳಿಕೋಟಿ ಯುದ್ಧ ಗೆದ್ದು ಬಂದನಲ್ಲ 1565ರಾಗ, ಅವನ. ನೆಲದ ಮ್ಯಾಲ ನಮಾಜಿಗೆ ಒಬ್ಬೊಬ್ಬರಿಗೆ ಒಂದೊಂದು ಚೌಕ, ಒಟ್ಟು 2,250, ಔರಂಗಜೇಬ ಹಾಕಿಸಿದ್ದು. ಇದು ಈಗೂ ನಮಾಜು ನಡಿಯೂ ಜಾಗಾ, ಚಪ್ಪಲಿ ಬಿಟ್ಟು ತಲಿ ಮ್ಯಾಲ ದುಪ್ಪಟ್ಟಾ ಹಾಕ್ಕೊಂಡು ಹೋಗ್ರಿ. ಮುಂದ ಮೆಹತರ್ ಮಹಲ್ ಅಂತ ಸಣ್ಣದೊಂದು ಬಾಗಲಾ ಸಿಗತೈತಿ, ಮಂದಿ ನೋಡದ ದಾಟಿ ಹೋಗ್ತಾರ. ಜಗಲಿ ಕೆಳಗಿನ ಕಲ್ಲಿನ ತೋಳು ನೋಡು, ಬಡಿಗ್ಯಾರು ಕಟಗಿ ಕೊರದಂಗ ಕಲ್ಲು ಕೊರದಾರ. ನನ್ನ ಲೆಕ್ಕಕ್ಕ ಗುಮ್ಮಟದ ಗಾತ್ರಕ್ಕಿಂತ ಈ ಬಾಗಲದ ಕೈಕೆಲಸ ಒಂದು ತೂಕ ಹೆಚ್ಚಿಗೇನ.

ಆಸಾರ ಮಹಲ್ ಬಗ್ಗೆ ಮೊದಲ ಹೇಳಿಬಿಡ್ತೀನಿ, ಒಳಗ ಹೆಣ್ಣಮಕ್ಕಳನ್ನ ಬಿಡಂಗಿಲ್ಲ, ಪ್ರವಾದಿಯವರ ಕೂದಲಾ ಇಟ್ಟಾರ ಅಂತ. ನೀವು ಹೊರಗಿನ ಹೊಂಡದ ದಂಡಿಗೆ ಕುಂತು ಆ ಎತ್ತರದ ಕಟಗಿ ಕಂಬ ನೋಡ್ರಿ. ಗಗನ ಮಹಲ್ ಅನ್ನೋ ಹಳೇ ಅರಮನಿ ಮುಂದ ಒಂದು ಘಳಿಗಿ ನಿಲ್ಲು. 1686ರಾಗ ಸಿಕಂದರ ಆದಿಲಶಾಹಿಯನ್ನ ಬೆಳ್ಳಿ ಸರಪಳಿ ಹಾಕಿ ಔರಂಗಜೇಬನ ಮುಂದ ತಂದು ನಿಲ್ಲಿಸಿದ್ದು ಇಲ್ಲೇ, ಅಲ್ಲಿಗೆ ಆದಿಲಶಾಹಿ ಆಳ್ವಿಕಿ ಮುಗೀತು. ಈಗ ಅದ ಕಮಾನಿನ ಮುಂದ ಹುಡುಗರು ಕ್ರಿಕೆಟ್ ಆಡ್ತಾರ. ಬಾರಾ ಕಮಾನ್ ಅಂದ್ರ ಅರ್ಧಕ್ಕ ನಿಂತ ಗೋರಿ, ಅದಕ್ಕ ನಿಮ್ಮಪ್ಪ ಹೇಳಿದಂಗ ಹತ್ತು ಮಿನಿಟು ಸಾಕು. ಅಣ್ಣಾ, ಅದೊಂದು ಬರೋಬ್ಬರಿ ಹೇಳಿ.

ಈಗ ಊಟದ ಮಾತು. ಗಾಂಧಿ ಚೌಕ, ಎಲ್‌ಬಿಎಸ್ ಮಾರ್ಕೆಟ್ ಆಸುಪಾಸು ಯಾವುದರ ಖಾನಾವಳಿಗೆ ಹೋಗು, ಆದ್ರ ಹೊರಗ ನಿಂತು ಮೊದಲ ಕಿವಿ ಕೊಡು. ಒಳಗಿಂದ ರೊಟ್ಟಿ ಬಡಿಯೋ ಸಪ್ಪಳ ಬರಬೇಕು. ಬರಲಿಲ್ಲಂದ್ರ ಬ್ಯಾಡ. ಬಿಸಿ ಜ್ವಾಳದ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಮಡಕಿಕಾಳ ಪಲ್ಯಾ, ಜುಣಕಾ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆ ತಪ್ಪಲಾ. ಚಟ್ನಿ ಮೂರು ಥರ ಬರ್ತಾವು: ಶೇಂಗಾ, ಗುರೆಳ್ಳು, ಅಗಸಿ. ನಿನ್ನ ಗೆಳತ್ಯಾರಿಗೆ ಇದನ್ನ ಬಿಡಿಸಿ ಹೇಳಬೇಕಾಗತೈತಿ ನೋಡು, ನಮ್ಮ ಊರಾಗ ಕೋಟಿ ಬಾಗಲಕ್ಕೂ ಅಗಸಿ ಅಂತೀವಿ, ತಾಟಿನ್ಯಾಗಿನ ಹಿಂಡಿಗೂ ಅಗಸಿ ಅಂತೀವಿ. ಶಹಾಪುರ ಅಗಸಿ ಎಲ್ಲಿ ಅಂತ ಕೇಳಿ ಯಾರರ ಕಿರಾಣಿ ಅಂಗಡಿ ತೋರಿಸ್ಯಾರು! ಮತ್ತ ಸಂಕ್ರಾಂತಿ ಈಗ ಮುಗದೈತಿ, ಸಿದ್ಧೇಶ್ವರ ಜಾತ್ರಿನೂ ಆತು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇನ್ನೂ ಉಳದಿರತಾವು. ಕೇಳಿ ಇಸಗೋರಿ. ಊಟಾದ ಮ್ಯಾಲ ಅಲ್ಲೇ ಮಾರ್ಕೆಟ್ಟಿನ್ಯಾಗ ಒಣದ್ರಾಕ್ಷಿ ತಗೋ, ನಮ್ಮ ಜಿಲ್ಲಾದ ಮಾಲು. ಹಸರು ಬಣ್ಣದ್ದ ಬೇಕು ಅಂತ ಹಟಾ ಹಿಡೀಬ್ಯಾಡ, ಬಾಯಾಗ ಹಾಕ್ಕೊಂಡು ನೋಡಿ ತಗೋ.

ವಿಂಟೇಜ್... ತಡಿ, ನೀರು ಕುಡೀತೀನಿ.

ಹಾಂ. ನೋಡವಾ, ಗುಮ್ಮಟದ ಸುತ್ತ ಯಾವನರ ಕಿಸೆದಾಗಿಂದ ಅರಿವಿ ಗಂಟು ಬಿಚ್ಚಿ "ಆದಿಲಶಾಹಿ ನಾಣ್ಯ" ಅಂದ್ರ ನಕ್ಕು ಮುಂದಕ್ಕ ಹೋಗು. ನಾ ಇಪ್ಪತ್ತು ವರ್ಷದಾವಿದ್ದಾಗ ಮೋಸ ಹೋಗೀನಿ. ಆದಿಲಶಾಹಿ ಕಾಲಕ್ಕ ಲಾರಿನ್ ಅಂತ ಒಂದು ನಾಣ್ಯ ಇತ್ತು, ದುಂಡಗಿಲ್ಲ. ಬೆಳ್ಳಿ ತಂತಿ ನಡುವ ಮಡಚಿ, ಮ್ಯಾಲ ಅಕ್ಷರದ ಠಸ್ಸೆ ಒತ್ತಿದ್ದು, ಥೇಟ್ ತಲಿಗೆ ಹಾಕೋ ಪಿನ್ನಿನಂಗ. ಅದನ್ನ ಎಲ್ಲೋ ಓದಿದ್ದೆ. ಒಬ್ಬಾವ ತೋರಿಸಿದ, ಒಂದು ವಾರದ ಪಗಾರ ಕೊಟ್ಟು ತಂದೆ. ನಮ್ಮವ್ವ ಅದನ್ನ ತಿರುಗಿ ಮುರುಗಿ ನೋಡಿ, ಒಗಿಯೋ ಕಲ್ಲಿಗೆ ಎರಡು ಸಲ ತಿಕ್ಕಿದ್ಳು, ಹಳದಿ ಹಿತ್ತಾಳಿ ಕಂಡಿತು. ಏನೂ ಬೈಲಿಲ್ಲ. ತುರುಬಿಗೆ ಸಿಗಿಸಿಕೊಂಡು ಒಲಿ ಮುಂದ ಹೋದ್ಳು. ಸಾಯೂತನಕ ಅದು ಆಕಿ ತುರುಬಿನ್ಯಾಗಿತ್ತು.

ಇನ್ನ ಖರೇ ಹಳೇದ ಸಿಕ್ಕಿತು ಅಂತ ತಿಳಿ, ಅದೂ ತ್ರಾಸನ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥಾ ಸಾಮಾನು ಪುರಾತನ ವಸ್ತು, ಅದರ ವ್ಯಾಪಾರಕ್ಕ ಲೈಸೆನ್ಸ್ ಬೇಕು. ಅದಕ್ಕ ನೀ ಪಾತ್ರೆ ಅಂಗಡಿಗೆ ಹೋಗು. ಮಂದಿ ಹಳೇ ಹಿತ್ತಾಳಿ, ತಾಮ್ರ ಹಾಕಿ ಹೊಸಾ ಸ್ಟೀಲ್ ಒಯ್ತಾರ, ಆ ಮೋಡಕಾ, ಅಂದ್ರ ಗುಜರಿ ಮಾಲು, ಅಂಗಡಿ ಮೂಲ್ಯಾಗ ಗುಡ್ಡಿ ಬಿದ್ದಿರತೈತಿ. ಚರಗಿ, ಗಂಗಾಳ, ಹಾಲಿನ ಗಿಂಡಿ. ತೂಕದ ಮ್ಯಾಲ ಕೊಡ್ತಾರ. ತಿರುವಿ ಹಾಕಿ ಕಂಠದ ಕೆಳಗ ನೋಡು, ಉಳಿಯಿಂದ ಚುಕ್ಕಿ ಚುಕ್ಕಿ ಹೊಡದು ಹೆಸರು ಹಾಕಿರ್ತಾರ, ಯಾರು ಯಾರ ಲಗ್ನಕ್ಕ ಕೊಟ್ಟಿದ್ದು, ಯಾವ ಇಸವಿ. ಕೆಲವದರಾಗ ಜಾಗಾ ಸಾಲದ ಕಡೀ ಅಕ್ಷರ ಕೆಳಗ ಜಾರಿರತೈತಿ. ನೀ ಅಕ್ಷರದ ಡಿಸೈನ್ ಕೆಲಸ ಮಾಡಾಕಿ, ನಿನಗ ಅದಕ್ಕಿಂತ ವಿಂಟೇಜ್ ಯಾವುದು ಬೇಕು?

ಅಕ್ಷರ ಅಂದ ಕೂಡಲೇ ನೆನಪಾತು. ನಾ ಮೂವತ್ತು ವರ್ಷ ಪ್ರೆಸ್ಸಿನ್ಯಾಗ ಸೀಸದ ಅಕ್ಷರದ ಮೊಳಿ ಜೋಡಿಸಿದಾವ, ನಿನಗ ಗೊತ್ತೈತಿ. ಈ ಊರಿಗೂ ಅಚ್ಚಿನ ಮೊಳಿಗೂ ದೊಡ್ಡ ನಂಟು. ಫ.ಗು. ಹಳಕಟ್ಟಿ ಅವರು ವಕೀಲರು, ಹಳ್ಳಿ ಹಳ್ಳಿ ತಿರುಗಿ ತಾಳೆಗರಿ ಕೂಡಿಸಿ ವಚನ ಹೊರಗ ತಂದ್ರು. 1925ರಾಗ ಇಲ್ಲೇ ಹಿತಚಿಂತಕ ಅಂತ ಸ್ವಂತ ಪ್ರೆಸ್ ಹಾಕಿದ್ರು, ಅದಕ್ಕ ಇದ್ದೊಂದು ಮನಿನೂ ಮಾರಿದ್ರು. ನಾ ಕೆಲಸ ಕಲಿಯೂ ಕಾಲಕ್ಕ ಹಳೇ ಕಂಪೋಜಿಟರುಗಳು ಅವರ ಹೆಸರು ಬಂದ್ರ ಬೀಡಿ ಕೆಳಗ ಇಡ್ತಿದ್ರು. ಈಗ ಎಲ್ಲಾ ಫ್ಲೆಕ್ಸ್. ಆದ್ರೂ ಹಳೇ ಪ್ಯಾಟಿ ಓಣ್ಯಾಗ ಹೋಗೂವಾಗ ಕತ್ತೆತ್ತಿ ನೋಡಕೊಂತ ನಡಿ, ಬಣ್ಣದ ಬ್ರಶ್ಶಿನಿಂದ ಬರೆದ ಬೋರ್ಡು ಒಂದೊಂದು ಉಳದಾವು, ಕನ್ನಡ, ಮರಾಠಿ, ಉರ್ದು ಮೂರೂ ಒಂದ ಹಲಗಿ ಮ್ಯಾಲ.

ಮೂರರ ಸುಮಾರಿಗೆ ತಾಜ ಬಾವಡಿ. 1620ರದ್ದು, ಎರಡನೇ ಇಬ್ರಾಹಿಂ ಆದಿಲಶಾಹಿ ತನ್ನ ರಾಣಿ ತಾಜ ಸುಲ್ತಾನಾ ಹೆಸರಿಲೆ ಕಟ್ಟಿಸಿದ್ದು. ದೊಡ್ಡ ಕಮಾನು ದಾಟಿದ ಕೂಡಲೇ ನೀರು. ನಡುವ ಎಷ್ಟೋ ವರ್ಷ ಕಸಾ ತುಂಬಿ ನಾರ್ತಿತ್ತು, ಆಮ್ಯಾಲ ಹೂಳು ತಗದ್ರು. ದಾರ್ಯಾಗ ನಡುನಡುವ ಗೋಪುರದಂಥಾ ಕಲ್ಲಿನ ಕಟ್ಟಡ ಕಾಣ್ತಾವು, ಅವು ಗಂಜ. ತೊರವಿ ಕಡಿಯಿಂದ ನೆಲದೊಳಗಿನ ಕೊಳವಿಯಿಂದ ನೀರು ಬರ್ತಿತ್ತು, ಆ ನೀರಿನ ಒತ್ತಡಾ ಮುರಿಯಾಕ ಗಂಜ. ನಮಗ ಎಂಟು ದಿನಕ್ಕೊಮ್ಮೆ ನಳಾ ಬರೂವಾಗ ನಾ ಆ ಗಂಜದ ಮುಖಾ ನೋಡಿ ಕೈ ಮುಗದೀನಿ.

ಉಪ್ಪಲಿ ಬುರುಜು ಹತ್ರಿ, ಸುತ್ತ ಹೊರಗಿಂದ ಮೆಟ್ಟಲಾ ಅದಾವು, ಊರೆಲ್ಲಾ ಕಾಣತೈತಿ. ಬಾಜೂಕನ ಮುಲುಕ ಮೈದಾನ ತೋಪು. 1549ರಾಗ ಅಹಮದನಗರದಾಗ ಎರಕಾ ಹೊಯ್ದಿದ್ದು, 55 ಟನ್ ತೂಕ. ಬಾಯಿ ಸಿಂಹದ್ದು, ಆ ಸಿಂಹದ ಬಾಯಾಗ ಆನಿ ಸಿಕ್ಕೊಂಡೈತಿ. ಇದೂ ಒಂದ್ಸಲ ಮೋಡಕಾಕ್ಕ ಹೋಗಿತ್ತು ನೋಡು! 1854ರಾಗ ಇಂಗ್ರೇಜಿಯವರು ಲಿಲಾವಿಗೆ ಇಟ್ಟಿದ್ರು, ಬರೇ 150 ರೂಪಾಯಿಗೆ ಕೂಗಿದ್ರು. ಆಮ್ಯಾಲ ಅವರಿಗೇ ನಾಚಿಕಿ ಬಂತೋ ಏನೋ, ಲಿಲಾವು ರದ್ದು ಮಾಡಿದ್ರು.

ಕಡೀಕ, ಬಿಸಲು ಇಳದ ಮ್ಯಾಲ, ಇಬ್ರಾಹಿಂ ರೋಜಾ, ಅದ ಎರಡನೇ ಇಬ್ರಾಹಿಂನ ಗೋರಿ. ಇಪ್ಪತ್ತು ಮಿನಿಟಲ್ಲ, ಒಂದೂವರಿ ತಾಸು ಇಟಗೋ. ಕಟ್ಟಿದಾವ ಮಲಿಕ ಸಂದಲ. ಗೋರಿ ಕೋಣಿ ಸುತ್ತ ಹೊರಗಿನ ಗ್ವಾಡಿ ಮ್ಯಾಲ ಬಳ್ಳಿ, ಹೂವು, ಅಕ್ಷರ ಕೊರದಾರ. ಆದ್ರ ನೀ ನೋಡಬೇಕಾದ್ದು ಕಿಡಕಿ. ಸಾದಾ ಜಾಳಗಿ ಅಲ್ಲ ಅವು. ಅರಬ್ಬಿ ಅಕ್ಷರಾನ ಜಾಳಗಿ. ಅಕ್ಷರದ ಸುತ್ತಿನ ಕಲ್ಲು ಕೊರದು ತಗದಾರ, ಆ ತೂತಿನ್ಯಾಗಿಂದ ಬೆಳಕು ಒಳಗ ಬೀಳತೈತಿ. ನಾವು ಪ್ರೆಸ್ಸಿನ್ಯಾಗ ಅಕ್ಷರದ ನಡುವ ಸೀಸದ ತುಂಡು ತುರುಕತಿದ್ವಿ, ಗಟ್ಟಿ ಕುಂಡ್ರಲಿ ಅಂತ. ಇಲ್ಲಿ ನಡುವ ಏನೂ ಇಲ್ಲ, ಅಕ್ಷರ ಒಂದಕ್ಕೊಂದು ಕೈ ಹಿಡಕೊಂಡ ನಿಂತಾವು. ಒಂದು ಕಡ್ಡಿ ಮುರಿದಿದ್ರ ಇಡೀ ಸಾಲು ಉದುರತಿತ್ತು. ನಾ ಮೊದಲ ಸಲ ಇದನ್ನ ತಿಳದು ನೋಡಿದಾಗ ನನಗ ನಲವತ್ತು ದಾಟಿತ್ತು. ಸಣ್ಣಾವಿದ್ದಾಗಿಂದ ಅಲ್ಲೇ ಆಡೀನಿ, ಕಂಡಿರಲಿಲ್ಲ. ಆ ಇಬ್ರಾಹಿಂ ಸಂಗೀತದ ಹುಚ್ಚಿನಾವ, ತನ್ನ ಹಾಡಿನ ಪುಸ್ತಕದಾಗ ಸರಸ್ವತಿಯನ್ನ ನೆನದಾನ.

ಅಲ್ಲಿ ಹೊರಗ ಒಂದೊಂದು ಗಿರಮಿಟ್ಟ, ಒಂದು ಚಹಾ ಅಷ್ಟ ಕುಡೀರಿ. ಹೊಟ್ಟಿ ತುಂಬಿಸಿಕೋಬ್ಯಾಡ್ರಿ. ಟಾಂಗಾದವರಿಗೆ ಹತ್ತೂಕಿಂತ ಮೊದಲ ರೇಟ್ ಮಾತಾಡ್ರಿ, ನಮ್ಮ ಓಣಿ ಹೆಸರು ಹೇಳ್ರಿ, ಊರಿನವರ ರೇಟ್ ಹೇಳ್ತಾರ.

ರಾತ್ರಿ ಊಟ ನಮ್ಮನಿಯಾಗ, ಅದರ ಬಗ್ಗೆ ಚರ್ಚೆ ಬ್ಯಾಡ. ಅಟ್ಟದ ಮ್ಯಾಲಿಂದ ನನ್ನ ಮೊಳಿ ಪೆಟ್ಟಿಗಿ ಇಳಿಸೀನಿ. ನಿನ್ನ ಹೆಸರು ಜೋಡಿಸಿ ಇಡೂಣು ಅಂತ ಕುಂತಿದ್ದೆ, ಒತ್ತಕ್ಷರ ಒಂದು ಸಿಗವಲ್ದು, ಇಲಿ ಒಯ್ತೋ ಮೊಮ್ಮಗ ಒಯ್ದನೋ. ಶನಿವಾರದೊಳಗ ಹುಡುಕತೀನಿ. ವೈನೀ, ನೀವೂ ಅಣ್ಣನೂ ಜೋಡಿ ಬರೂದಿದ್ರ ಇವತ್ತ ಹೇಳ್ರಿ. ಬೀಸಿ ಇಟ್ಟ ಹಿಟ್ಟಿಗೆ ಜಿಗಿ ಇರಂಗಿಲ್ಲ, ರೊಟ್ಟಿ ಒಡೀತಾವು, ಅದಕ್ಕ ನಿಮ್ಮ ಕಾಕು ಶುಕ್ರವಾರ ಬೆಳಿಗ್ಗೇನ ಜ್ವಾಳಾ ಗಿರಣಿಗೆ ಕಳಸ್ತಾಳ. ನಾಲ್ಕು ಮಂದಿಗೋ ಆರು ಮಂದಿಗೋ, ಅಷ್ಟು ಹೇಳಿಬಿಡ್ರಿ.