ಪಿಒ ಫೈಲ್ ಪೂರ್ತಿ ಅನುವಾದ ಆಗಿದೆ, ಆದರೂ ಆ್ಯಪ್ ಇಂಗ್ಲಿಷಿನಲ್ಲೇ ಬರುತ್ತಿದೆ

ತುಂಗಾತೀರ: ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ನಾವು ಮೂವರು ಸೇರಿ ಟಿಪ್ಪಣಿ ಬರೆಯುವ ಒಂದು ಪುಟ್ಟ ಆ್ಯಪನ್ನು ಕನ್ನಡಕ್ಕೆ ತರುತ್ತಿದ್ದೇವೆ. ಮೂಲ ಸಾಲು, ಅದರ ಅನುವಾದ ಜೋಡಿಯಾಗಿರುವ ಪಿಒ ಫೈಲಿನಲ್ಲಿ ಒಂದು ಸಾಲೂ ಖಾಲಿ ಇಲ್ಲ, ನಾನೇ ಕೂತು ನೋಡಿದ್ದೇನೆ. ಅದರಿಂದ ಆ್ಯಪ್ ಓದುವ ಎಂಒ ಫೈಲ್ ಮಾಡಿ ಸರಿಯಾದ ಫೋಲ್ಡರಿಗೆ ಹಾಕಿದೆ. ತೆರೆದರೆ ಇಂಗ್ಲಿಷ್! ಎರರ್ ಕೂಡ ಇಲ್ಲ. ಶನಿವಾರ ಊರಿನ ಲೈಬ್ರರಿಯಲ್ಲಿ ಮಕ್ಕಳಿಗೆ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೇನೆ. ಯಾರಾದರೂ ದಾರಿ ತೋರಿಸಿ.

ಹಳೇಕೀಲಿ: ಲೊಕೇಲ್ (ಸಿಸ್ಟಂನ ಭಾಷೆಯ ಸೆಟ್ಟಿಂಗ್) ಸಮಸ್ಯೆ. ಅನುಮಾನವೇ ಬೇಡ. ಟರ್ಮಿನಲ್‌ನಲ್ಲಿ ಲೊಕೇಲ್ ಅಂತ ಹೊಡೆದು ಬಂದದ್ದನ್ನು ಇಲ್ಲಿ ಹಾಕಿ. ಅದು ಬರೀ 'ಸಿ' (ಯಾವ ಭಾಷೆಯನ್ನೂ ಆರಿಸದ ಸ್ಥಿತಿ) ಅಂತಿದ್ದರೆ, ಲ್ಯಾಂಗ್ವೇಜ್ ವೇರಿಯಬಲ್‌ನಲ್ಲಿ ಏನು ಬರೆದರೂ, ಆ್ಯಪಿಗೆ ಅನುವಾದ ಹುಡುಕಿಕೊಡುವ ಗೆಟ್‌ಟೆಕ್ಸ್ಟ್ ಅದನ್ನು ನೋಡುವುದೇ ಇಲ್ಲ.

ತುಂಗಾತೀರ: ಕನ್ನಡ ಲೊಕೇಲ್ ಇದೆ ಸರ್. ಬೇರೆ ಆ್ಯಪ್‌ಗಳು ಕನ್ನಡದಲ್ಲೇ ತೆರೆದುಕೊಳ್ಳುತ್ತವೆ.

ಹಳೇಕೀಲಿ: ಎಲ್‌ಸಿ-ಆಲ್ ಅನ್ನೋ ಲೊಕೇಲ್ ವೇರಿಯಬಲ್ ನೋಡಿದಿರಾ? ಉಳಿದ ಎಲ್‌ಸಿ ಸೆಟ್ಟಿಂಗ್‌ಗಳನ್ನೆಲ್ಲ ಅದು ಒತ್ತಿಹಾಕುತ್ತದೆ. ಒಮ್ಮೆ ಲಾಗೌಟ್ ಆಗಿ ಬನ್ನಿ.

ಸಂಪಿಗೆಮರ: ಸ್ಕ್ರೀನ್‌ಶಾಟ್ ಹಾಕಿ ಮೊದಲು.

ತುಂಗಾತೀರ: ಹಾಕಿದ್ದೇನೆ. 'ಕಡತ', 'ಉಳಿಸಿ' ಸರಿಯಾಗಿಯೇ ಬಂದಿವೆ. ಅವುಗಳ ಕೆಳಗಿನದು ಇಂಗ್ಲಿಷ್.

ಸಂಪಿಗೆಮರ: ಅಯ್ಯೋ, ಅರ್ಧ ಕನ್ನಡ ಬರ್ತಿದೆ ಅಂತ ಮೊದಲೇ ಹೇಳಬೇಕಿತ್ತಲ್ವಾ! ಹಾಗಾದರೆ ಇದು ಲೊಕೇಲ್ ಅಲ್ಲ. ಅದಿರಲಿ, 'ಕಡತ' ಯಾಕೆ? ಮಕ್ಕಳು 'ಫೈಲ್' ಅಂತಲೇ ಹೇಳೋದು.

ಕೆರೆದಂಡೆ: ಕಡತಕ್ಕೆ ಏನಾಗಿದೆ? ತಾಲ್ಲೂಕು ಕಚೇರಿಗೆ ಹೋದವರಿಗೆಲ್ಲ ಆ ಪದ ಗೊತ್ತು.

ಸಂಪಿಗೆಮರ: ಅದೇ ನನ್ನ ತಕರಾರು. ಅಲ್ಲಿ ಕಡತ ಅಂದರೆ ದಾರ ಕಟ್ಟಿದ ಕಾಗದದ ಕಟ್ಟು. ಹತ್ತು ವರ್ಷದ ಹುಡುಗಿಗೆ ಅದು ಯಾಕೆ?

ಕೆರೆದಂಡೆ: ಬಳಸದಿದ್ದರೆ ಪದ ಬೆಳೆಯೋದು ಹೇಗೆ? ನಾನು ಅನುವಾದಕ್ಕೆ ಬಳಸುವ ಲೋಕಲೈಜ್ ತಂತ್ರಾಂಶದಲ್ಲಿ ಹನ್ನೊಂದು ವರ್ಷದ ಅನುವಾದ ಮೆಮೊರಿ (ಹಳೆಯ ಅನುವಾದಗಳ ಸಂಗ್ರಹ) ಇದೆ, ಎಲ್ಲ ಕಡೆ ಕಡತವೇ.

ಮಲ್ನಾಡ್‌ಮಳೆ: ಪದದ ಚರ್ಚೆಗೆ ಬೇರೆ ಥ್ರೆಡ್ ತೆರೆಯಿರಿ, ನಾನೂ ಬರ್ತೇನೆ. ತುಂಗಾತೀರ ಅವರೇ, ಪಿಒದಿಂದ ಎಂಒ ಮಾಡುವ ಎಂಎಸ್‌ಜಿಎಫ್‌ಎಂಟಿಗೆ ಸ್ಟ್ಯಾಟಿಸ್ಟಿಕ್ಸ್ ಆಯ್ಕೆ ಕೊಟ್ಟು ಓಡಿಸಿ. ಏನು ಬರುತ್ತೆ?

ತುಂಗಾತೀರ: 212 ಅನುವಾದಿತ, 74 ಫಜ್ಜಿ.

ಮಲ್ನಾಡ್‌ಮಳೆ: ಸಿಕ್ಕಿತು. ನಡುವೆ ಹೊಸ ಪಿಒಟಿ (ಬರೀ ಮೂಲ ಸಾಲುಗಳಿರುವ ಫೈಲ್) ಬಂದಾಗ ಹಳೆಯ ಪಿಒ ಜೊತೆ ಮರ್ಜ್ ಮಾಡಿದ್ದೀರಿ, ಹೌದಾ? ಮೂಲದ ಸಾಲು ಸ್ವಲ್ಪ ಬದಲಾಗಿದ್ದರೆ, ಎಂಎಸ್‌ಜಿಮರ್ಜ್ ಅದಕ್ಕೆ ಹತ್ತಿರದ ಹಳೆಯ ಅನುವಾದವನ್ನೇ ತಂದು ಕೂರಿಸಿ, ಮೇಲೆ ಫಜ್ಜಿ ಅಂತ ಗುರುತು ಹಾಕುತ್ತದೆ. 'ಇದು ನನ್ನ ಊಹೆ, ನೀವು ನೋಡಿ' ಅಂತ ಅರ್ಥ. ಅದಕ್ಕೇ ನಿಮಗೆ ಒಂದು ಸಾಲೂ ಖಾಲಿ ಕಾಣಲಿಲ್ಲ. ಎಂಒ ಮಾಡುವಾಗ ಈ ಗುರುತಿನ ಸಾಲುಗಳು ಹೊರಗುಳಿಯುತ್ತವೆ. ಆಗ ಇಂಗ್ಲಿಷೇ ಕಾಣೋದು.

ತುಂಗಾತೀರ: ಮರ್ಜ್ ನಮ್ಮ ಗುಂಪಿನವರೊಬ್ಬರು ಮಾಡಿದ್ದರು. ನಾನು ಸಾಮಾನ್ಯ ಟೆಕ್ಸ್ಟ್ ಎಡಿಟರ್‌ನಲ್ಲಿ ತಿದ್ದುತ್ತಿದ್ದೆ, ಮೇಲಿನ ಆ ಸಾಲನ್ನು ಕಾಮೆಂಟ್ ಅಂದುಕೊಂಡು ಬಿಟ್ಟೆ. ಈಗ ಎಂಎಸ್‌ಜಿಆಟ್ರಿಬ್‌ನಲ್ಲಿ ಕ್ಲಿಯರ್-ಫಜ್ಜಿ ಕೊಟ್ಟು 74 ಗುರುತೂ ತೆಗೆದೆ. ಪೂರ್ತಿ ಕನ್ನಡ ಬಂತು!! ತುಂಬಾ ಥ್ಯಾಂಕ್ಸ್.

ಮಲ್ನಾಡ್‌ಮಳೆ: ಬೇಡ, ಬೇಡ! ಒಟ್ಟಿಗೆ ತೆಗೆಯಬೇಡಿ. ಹಳೆಯ ಫೈಲ್ ಇದೆಯಾ? ಅದನ್ನೇ ವಾಪಸ್ ಇಟ್ಟು ಒಂದೊಂದಾಗಿ ಓದಿ. ಆ ಊಹೆ ತಪ್ಪಿರಬಹುದು.

ತುಂಗಾತೀರ: ಸರಿಯಾಗಿ ಹೇಳಿದಿರಿ. ಮೂಲದಲ್ಲಿ ಈಗ 'ಟಿಪ್ಪಣಿ ಶಾಶ್ವತವಾಗಿ ಅಳಿಸಬೇಕೇ' ಅಂತ ಕೇಳುತ್ತಿದೆ. ನಮ್ಮದರಲ್ಲಿ ಹಳೆಯ 'ಟಿಪ್ಪಣಿ ಅಳಿಸಬೇಕೇ' ಮಾತ್ರ ಇದೆ. ಮಗು ಹೌದು ಒತ್ತಿದರೆ ಬರೆದದ್ದು ಹೋಯಿತು, ವಾಪಸ್ ಬರೋದಿಲ್ಲ. ಇನ್ನೊಂದು ಕಡೆ ಹೆಸರು ಬರಬೇಕಾದ ಜಾಗದ '%' ಗುರುತೇ ಇಲ್ಲ.

ಮಲ್ನಾಡ್‌ಮಳೆ: ಆ ಎರಡನೆಯದನ್ನು ಎಂಎಸ್‌ಜಿಎಫ್‌ಎಂಟಿಯ ಚೆಕ್ ಆಯ್ಕೆ ಹಿಡಿಯುತ್ತದೆ. 'ಶಾಶ್ವತವಾಗಿ' ಬಿಟ್ಟುಹೋದದ್ದನ್ನು ಆ ಚೆಕ್ ಹಿಡಿಯಲ್ಲ, ಮನುಷ್ಯರೇ ಓದಬೇಕು. ಪಿಒ ತಿದ್ದುವುದಕ್ಕೇ ಇರುವ ಪೋಎಡಿಟ್‌ನಲ್ಲಿ ತೆರೆಯಿರಿ. ಇಂಥ ಸಾಲುಗಳು ಅಲ್ಲಿ ಬೇರೆ ಬಣ್ಣದಲ್ಲಿ ಕಾಣುತ್ತವೆ.

ಹಳೇಕೀಲಿ: ಲೊಕೇಲ್ ಔಟ್‌ಪುಟ್ ಇನ್ನೂ ಹಾಕಿಲ್ಲ. ಲೈಬ್ರರಿಯ ಕಂಪ್ಯೂಟರ್‌ನಲ್ಲಿ ಕನ್ನಡ ಲೊಕೇಲ್ ಇದೆಯಾ, ನೋಡಿದಿರಾ?

ತುಂಗಾತೀರ: ಅದು ನೋಡಿಲ್ಲ ಸರ್. ನಾಳೆ ಹೋಗಿ ನೋಡಿ ಹಾಕ್ತೇನೆ. ಹಳೆಯ ಫೈಲ್ ವಾಪಸ್ ಇಟ್ಟಿದ್ದೇನೆ. 74ರಲ್ಲಿ 19 ಓದಿ ಆಯಿತು. ಕೊನೆಯ 30 ಯಾರಾದರೂ ತಗೊಳ್ತೀರಾ?

ಸಂಪಿಗೆಮರ: ನನಗೆ ಕಳಿಸಿ. 'ಕಡತ' ಮುಟ್ಟೋದಿಲ್ಲ.