ಮದರ್‌ಬೋರ್ಡ್ ಬದಲಿಸಿದ ಮೇಲೆ ಬೀಪ್: ರಿಪೇರಿಯವರಿಗೆ ಪ್ರಶ್ನೆಗಳು

ವಿದ್ಯಾನಗರ, ಹುಬ್ಬಳ್ಳಿ: ನಮಸ್ಕಾರ ಸರ್. ಹೊಸ ಮದರ್‌ಬೋರ್ಡ್ ಹಾಕಿದೆ. ಆನ್ ಮಾಡಿದರೆ ಮೂರು ಚಿಕ್ಕ ಬೀಪ್, ಪರದೆ ಕಪ್ಪು.

ರಿಪೇರಿಯವರು: ನಮಸ್ಕಾರ. ಬೀಪ್‌ಗಳ ಅರ್ಥ ಬಯಾಸ್ (ಕಂಪ್ಯೂಟರನ್ನು ಶುರುಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಮೇಲೆ ನಿಂತಿದೆ. ಎಎಂಐ ಕಂಪನಿಯ ಬಯಾಸ್ ಆಗಿದ್ದರೆ ಮೂರು ಚಿಕ್ಕ ಬೀಪ್ ಎಂದರೆ ರ‍್ಯಾಮ್ ತೊಂದರೆ. ಪ್ಲಗ್ ಕಿತ್ತು, ಒಂದೇ ರ‍್ಯಾಮ್ ಇಟ್ಟು, ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ. ಡಿಡಿಆರ್3 ರ‍್ಯಾಮ್ ಡಿಡಿಆರ್4 ಸ್ಲಾಟಿನಲ್ಲಿ ಕೂರುವುದಿಲ್ಲ (ಎರಡೂ ಬೇರೆ ತಲೆಮಾರಿನವು), ಬಲವಂತ ಬೇಡ.

ಕಲಘಟಗಿ: ನನಗೂ ಮೂರು ಬೀಪ್ ಸರ್.

ರಿಪೇರಿಯವರು: ಮೇಲಿನದೇ ಉತ್ತರ.

ಹಾವೇರಿ: ಅಣ್ಣಾ, ನಮ್ಮ ಟೈಪಿಂಗ್ ಸೆಂಟರಿನ ಕಂಪ್ಯೂಟರ್. ಹೊಸ ಬೋರ್ಡನ್ನು ರಟ್ಟಿನ ಡಬ್ಬದ ಮೇಲಿಟ್ಟರೆ ಒಂದು ಬೀಪ್ ಕೊಟ್ಟು ಚೆನ್ನಾಗಿ ಶುರುವಾಗುತ್ತದೆ. ಕ್ಯಾಬಿನೆಟ್‌ಗೆ ಬಿಗಿದರೆ ಒಮ್ಮೆ ಬೀಪ್ ಮೇಲೆ ಬೀಪ್, ಒಮ್ಮೆ ಫ್ಯಾನ್ ತಿರುಗಿ ನಿಲ್ಲುತ್ತದೆ. ಬೋರ್ಡೇ ಕೆಟ್ಟಿದೆ, ಬೇರೆ ಕೊಳ್ಳಿ ಎನ್ನುತ್ತಾರೆ ಅಂಗಡಿಯವರು.

ರಿಪೇರಿಯವರು: ಅಕ್ಕಾ, ಕ್ಯಾಬಿನೆಟ್ ಒಳಗಿಟ್ಟು ಇನ್ನೊಮ್ಮೆ ಆನ್ ಮಾಡಬೇಡಿ. ಹಣವನ್ನೂ ಕೊಡಬೇಡಿ. ಹೊರಗೆ ಓಡುವ ಬೋರ್ಡು ಒಳಗೆ ಕೂಗಿದರೆ ಮೊದಲ ಅನುಮಾನ ಕ್ಯಾಬಿನೆಟ್ ಮೇಲೆ. ಬಹುಶಃ ಹಳೆಯ ಬೋರ್ಡು ಮೈಕ್ರೋ ಎಟಿಎಕ್ಸ್ ಅಳತೆಯದು, ಅಂದರೆ 244 ಮಿಲಿಮೀಟರ್ ಚೌಕದ್ದು, ಹೊಸದು 305 ಮಿಲಿಮೀಟರ್ ಉದ್ದದ ಎಟಿಎಕ್ಸ್. ಹಳೆಯದರ ಕೆಳಸಾಲಿಗೆ ಹಾಕಿದ್ದ, ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳಿಗೆ ಹೊಸ ಬೋರ್ಡಿನಲ್ಲಿ ತೂತೇ ಇರುವುದಿಲ್ಲ. ಅವು ಬೋರ್ಡಿನ ಬೆನ್ನಿನ ಬೆಸುಗೆಗೆ ತಗುಲಿ ಶಾರ್ಟ್ ಮಾಡುತ್ತವೆ. ಯಾವ ಬೆಸುಗೆಗೆ ತಗುಲಿತು, ಸ್ಕ್ರೂ ಎಷ್ಟು ಬಿಗಿಯಾಯಿತು ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ಅಂಥ ಬೀಪ್‌ಗಳನ್ನು ಎಣಿಸಿ ಪ್ರಯೋಜನವಿಲ್ಲ. ಪ್ಲಗ್ ಕಿತ್ತು ಬೋರ್ಡನ್ನು ಹೊರತೆಗೆಯಿರಿ. ಪ್ರತಿ ತೂತಿನ ಕೆಳಗೊಂದು ಸ್ಟ್ಯಾಂಡ್‌ಆಫ್ ಇರಲಿ, ಮಿಕ್ಕವನ್ನು ಬಿಚ್ಚಿ. ಪ್ರೊಸೆಸರ್ ಪಕ್ಕದ 12 ವೋಲ್ಟ್ ಕೇಬಲ್ ಪೂರ್ತಿ ಕೂತಿದೆಯೇ ನೋಡಿ.

ಧಾರವಾಡ: ಯಾವ ಬೀಪಿಗೂ ಮದ್ದು, ಫಾರ್ವರ್ಡ್ ಬಂದಿದೆ: ರ‍್ಯಾಮ್ ಅನ್ನು ತವೆಯ ಮೇಲೆ ಬೆಚ್ಚಗೆ ಮಾಡಿ, ಸೀಮೆಎಣ್ಣೆಯಲ್ಲಿ ಒರೆಸಿ, ಕಂಪ್ಯೂಟರ್ ಆನ್ ಇರುವಾಗಲೇ ಕಿತ್ತು ಹಾಕಬೇಕು.

ರಿಪೇರಿಯವರು: ಮೂರನ್ನೂ ಮಾಡಬೇಡಿ! ಆನ್ ಇರುವಾಗ ಕಿತ್ತರೆ ರ‍್ಯಾಮ್ ಜೊತೆ ಸ್ಲಾಟೂ ಸುಡಬಹುದು. ತವೆ ರೊಟ್ಟಿಗಿರಲಿ.

ಗದಗ: ಪೆನ್ಸಿಲ್ ರಬ್ಬರ್ ಸಾಕು, ನಮ್ಮಲ್ಲಿ ಅದೇ ನಡೆಯುತ್ತದೆ.

ಧಾರವಾಡ: ಅದೂ ಫಾರ್ವರ್ಡೇ ಅಲ್ಲವೇ? ನಿಮ್ಮದಾದರೆ ಜ್ಞಾನ, ನನ್ನದಾದರೆ ಕಸವೇ?

ರಿಪೇರಿಯವರು: ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಹಗುರಾಗಿ ಉಜ್ಜಿ ಪುಡಿ ಒರೆಸಬಹುದು. ಒರಟು ರಬ್ಬರಾದರೆ ಚಿನ್ನದ ಲೇಪ ಸವೆಯುತ್ತದೆ.

ಗದಗ: ನೋಡಿದಿರಾ?

ಧಾರವಾಡ: ಪುಕ್ಕಟೆ ಸಲಹೆಯೆಲ್ಲ ಅಂಗಡಿಗೆ ಗಿರಾಕಿ ಎಳೆಯಲಿಕ್ಕೆ.

ಗದಗ: ತವೆ ವೈದ್ಯರು ಮಾತನಾಡಿದರು.

ರಾಣೇಬೆನ್ನೂರು: ನಮ್ಮ ಬೋರ್ಡ್ ಬೀಪ್ ಮಾಡುವುದೇ ಇಲ್ಲ. ಹಾಳಾಗಿದೆಯೇ?

ರಿಪೇರಿಯವರು: ಬೀಪ್ ಮಾಡುವ ಪುಟ್ಟ ಸ್ಪೀಕರ್ ಬೋರ್ಡಿಗೆ ಹಾಕಿದೆಯೇ? ಈಚಿನ ಬೋರ್ಡುಗಳ ಜೊತೆ ಕೊಡುವುದೇ ಕಡಿಮೆ. ಸಿಪಿಯು, ಡಿರ‍್ಯಾಮ್, ವಿಜಿಎ (ಪ್ರೊಸೆಸರ್, ರ‍್ಯಾಮ್, ಪರದೆಯ ಭಾಗ) ಎಂದು ಬೋರ್ಡಿನ ಮೇಲೆ ಬರೆದ ಪುಟ್ಟ ದೀಪಗಳಲ್ಲಿ ಯಾವುದು ಆರದೆ ಉಳಿಯುತ್ತದೆ ನೋಡಿ, ತೊಂದರೆ ಆ ಭಾಗದ್ದು.

ನರಗುಂದ: ಸೆಕೆಂಡ್‌ಹ್ಯಾಂಡ್ ಬೋರ್ಡ್ ಎಷ್ಟಕ್ಕೆ ಸಿಗುತ್ತದೆ ಸರ್?

ಹಾವೇರಿ: ಕೆಳಗೆ ಎರಡು ಹಿತ್ತಾಳೆ ಸ್ಟ್ಯಾಂಡ್‌ಆಫ್ ಹೆಚ್ಚಿಗೆ ಇದ್ದವು ಅಣ್ಣಾ. ತೆಗೆದೆ, ಒಂದೇ ಬೀಪ್. ಈಗ ವಿಂಡೋಸ್ ಆಕ್ಟಿವೇಶನ್ ಕೇಳುತ್ತಿದೆ, ಏನು ಮಾಡಲಿ?

ಧಾರವಾಡ: ತವೆ ವೈದ್ಯ ಎಂದವರು ಮೊದಲು ಕ್ಷಮೆ ಕೇಳಲಿ.

ಗದಗ: ಸೀಮೆಎಣ್ಣೆ ಆರಿದ ಮೇಲೆ ಕೇಳುತ್ತೇನೆ.

ವಿದ್ಯಾನಗರ, ಹುಬ್ಬಳ್ಳಿ: ಸರ್, ನನ್ನ ಮೂರು ಬೀಪ್ ಹಾಗೆಯೇ ಇದೆ.

ರಿಪೇರಿಯವರು: ಒಂದೇ ರ‍್ಯಾಮ್ ಇಟ್ಟು ನೋಡಿದಿರಾ?

ವಿದ್ಯಾನಗರ, ಹುಬ್ಬಳ್ಳಿ: ಇಲ್ಲ ಸರ್, ಬಿಸಿ ಮಾಡಿ ನೋಡಿದೆ.

ರಿಪೇರಿಯವರು: ಹೊಸ ರ‍್ಯಾಮ್ ಕೊಳ್ಳಿ.